ಕೂಸಿನ ಮೇಲೆ ಯಾವ ಪಾಪ?

ಹುಟ್ಟಿ ವಾರವಾಗದ ಕೂಸು ಯಾವ ಪಾಪ ಮಾಡಿದ್ದೀತು? ಮೊದಲ ಮನುಷ್ಯರ ಪಾಪ ಹುಟ್ಟುತ್ತಲೇ ಎಲ್ಲರಿಗೂ ಅಂಟಿರುತ್ತದೆಂಬ ಜನ್ಮಪಾಪದ ಮಾತು ಬಂದಾಗ ಕ್ರೈಸ್ತರಲ್ಲದವರು ಮೊದಲು ಕೇಳುವುದು ಇದನ್ನೇ. ಎಷ್ಟೋ ಕ್ರೈಸ್ತರೂ ಒಳಗೊಳಗೇ ಕೇಳಿಕೊಳ್ಳುತ್ತಾರೆ. ಏದೆನ್ ತೋಟದಲ್ಲಿ ಆದಾಮ ಹವ್ವೆಯರು ಬೇಡವೆಂದ ಹಣ್ಣು ತಿಂದರು, ಸರಿ. ಅದರ ದಂಡವನ್ನು ನಾವೇಕೆ ತೆರಬೇಕು? ತಂದೆಯ ಅಪರಾಧವನ್ನು ಮಗ ಹೊರಬೇಕಿಲ್ಲವೆಂದು ಬೈಬಲ್ಲಿನ ಯೆಹೆಜ್ಕೇಲನ ಗ್ರಂಥದ 18ನೇ ಅಧ್ಯಾಯವೇ ಖಡಾಖಂಡಿತವಾಗಿ ಹೇಳುತ್ತದೆ. ಆದಿಕಾಂಡದ ಕಥೆಯನ್ನು ಕ್ರೈಸ್ತರಿಗಿಂತ ಎಷ್ಟೋ ಮೊದಲಿನಿಂದ ಓದುತ್ತ ಬಂದ ಯೆಹೂದ್ಯರು ಅದರಿಂದ ಇಂಥ ಸಿದ್ಧಾಂತವನ್ನು ಕಟ್ಟಲಿಲ್ಲ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಯೇಸು ಆದಾಮನ ಪಾಪದ ಸುದ್ದಿ ಎತ್ತುವುದಿಲ್ಲ. ಮತ್ತೆ ಇದು ಬಂದದ್ದೆಲ್ಲಿಂದ?

ಧರ್ಮೋಪದೇಶದ ಪುಸ್ತಕಗಳಲ್ಲಿ ಪಾಪ ಮೊದಲು ಬರುತ್ತದೆ, ರಕ್ಷಣೆ ಆಮೇಲೆ. ಸಿದ್ಧಾಂತ ಬೆಳೆದ ರೀತಿ ಮಾತ್ರ ಇದಕ್ಕೆ ತಿರುಗುಮುರುಗು. ರೋಗ ಕಂಡು ಮದ್ದು ಹುಡುಕಿದ್ದಲ್ಲ. ಮದ್ದು ಕೈಗೆ ಬಂದಮೇಲೆ, ಇಂಥ ಮದ್ದೇ ಬೇಕಾಯಿತೆಂದರೆ ರೋಗ ಎಷ್ಟು ಆಳದ್ದಿರಬೇಕು ಎಂದು ಲೆಕ್ಕ ಹಾಕಿದ್ದು. ಪೌಲನನ್ನೇ ನೋಡಿ. ಕ್ರೈಸ್ತರನ್ನು ಅಟ್ಟಾಡಿಸುತ್ತಿದ್ದ ಆತನಿಗೆ ಮೊದಲು ಖಚಿತವಾದದ್ದು ಕ್ರಿಸ್ತ. ದೇವರು ಆ ಒಬ್ಬನಲ್ಲಿ ಎಲ್ಲರನ್ನೂ ಎತ್ತಿಕೊಂಡ ಎಂಬ ನಂಬಿಕೆ ಬಲಿತ ಮೇಲೆ, ಎಲ್ಲರೂ ಬಿದ್ದದ್ದು ಹೇಗೆಂದು ಹೇಳಲು ಆದಾಮ ಬೇಕಾದ. ರೋಮಾಪುರದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಆದಾಮನಿಗೆ ಸ್ವಂತದ ಕೆಲಸವೇನೂ ಇಲ್ಲ. ಕ್ರಿಸ್ತನ ಎದುರಿಗೆ ನಿಲ್ಲುವುದಕ್ಕಾಗಿ ಅವನು ಬರುತ್ತಾನೆ.

ಇದನ್ನು ಕರಾರುವಾಕ್ಕಾದ ಸಿದ್ಧಾಂತ ಮಾಡಿದವನು ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ (354–430). ಅವನ ವಾದವೂ ಇದೇ ದಾರಿಯದು. ಅವನ ಕಾಲಕ್ಕೆ ಆಫ್ರಿಕದ ಸಭೆಯಲ್ಲಿ ಕೂಸುಗಳಿಗೂ ದೀಕ್ಷಾಸ್ನಾನ ಕೊಡುವ ರೂಢಿ ಇತ್ತು. ದೀಕ್ಷಾಸ್ನಾನವೆಂದರೆ ಪಾಪಪರಿಹಾರ. ಸಭೆ ಸುಳ್ಳು ವಿಧಿ ನಡೆಸುವುದಿಲ್ಲ. ಹಾಗಾದರೆ ಕೂಸಿನಲ್ಲಿ ಪರಿಹಾರವಾಗಬೇಕಾದ ಪಾಪ ಇರಲೇಬೇಕು. ಸ್ವಂತದ್ದಂತೂ ಇರಲು ಸಾಧ್ಯವಿಲ್ಲ, ಆದ್ದರಿಂದ ಅದು ಆದಾಮನಿಂದ ಬಂದದ್ದು. ತರ್ಕ ಬಿಗಿಯಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ರೂಢಿಯನ್ನು ಉಳಿಸಿಕೊಳ್ಳಲು ಇಡೀ ಮನುಕುಲದ ಮೇಲೆ ತೀರ್ಪು ಕೊಟ್ಟ ಹಾಗಾಗಲಿಲ್ಲವೇ ಎಂಬ ಗುಮಾನಿಯೂ ನನಗೆ ಬಿಡುವುದಿಲ್ಲ.

ಅಷ್ಟಕ್ಕೇ ಅವನನ್ನು ಬದಿಗಿಡಲಾಗದು. ಅವನ ಆತ್ಮಕಥನ ‘ಕನ್ಫೆಷನ್ಸ್’ನಲ್ಲಿ ಎರಡು ಪ್ರಸಂಗಗಳಿವೆ. ಹದಿನಾರರ ಹುಡುಗನಾಗಿದ್ದಾಗ ಗೆಳೆಯರ ಗುಂಪಿನೊಂದಿಗೆ ನಡುರಾತ್ರಿ ನೆರೆಯವರ ಪೇರ್ ಹಣ್ಣಿನ ಮರವನ್ನು ಅಲ್ಲಾಡಿಸಿ ಹೊರೆಗಟ್ಟಲೆ ಹಣ್ಣು ಕದ್ದದ್ದು ಒಂದು. ಹಸಿವಿರಲಿಲ್ಲ. ಹಣ್ಣಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಬಹುಪಾಲನ್ನು ಹಂದಿಗಳಿಗೆ ಎಸೆದರು. ಒಂಟಿಯಾಗಿದ್ದರೆ ತಾನು ಕದಿಯುತ್ತಿರಲಿಲ್ಲ ಎನ್ನುತ್ತಾನೆ ಆತ. ಜೊತೆಯವರೆದುರು ನಾಚಿಕೆ ಬಿಡದಿರುವುದೇ ನಾಚಿಕೆಗೇಡಾಗಿತ್ತು. ಇನ್ನೊಂದು, ಮಾತೇ ಬಾರದ ಒಂದು ಕೂಸು ತನ್ನ ಜೊತೆಗೆ ಅದೇ ದಾದಿಯ ಹಾಲು ಕುಡಿಯುವ ಇನ್ನೊಂದು ಕೂಸನ್ನು ಮುಖ ಬಿಳಿಚಿಕೊಂಡು ಕೆಕ್ಕರಿಸಿ ನೋಡಿದ್ದು. ಹಾಲು ಇಬ್ಬರಿಗೂ ಸಾಕಾಗುವಷ್ಟಿತ್ತು. ಎಳೆಯರ ನಿರಪರಾಧ ಇರುವುದು ಅವರ ಕೈಕಾಲಿನ ನಿತ್ರಾಣದಲ್ಲೇ ಹೊರತು ಮನಸ್ಸಿನಲ್ಲಲ್ಲ ಎಂದು ಅವನ ಅಭಿಪ್ರಾಯ. ಎರಡನೆಯದು ಅತಿಯಾಯಿತು ಅನ್ನಿಸಬಹುದು, ನನಗೂ ಅನ್ನಿಸುತ್ತದೆ. ಮೊದಲನೆಯದನ್ನು ಮಾತ್ರ ತಳ್ಳಿಹಾಕುವ ಹಾಗಿಲ್ಲ. ಲಾಭವಿಲ್ಲದ ಕೆಡುಕು, ಗುಂಪು ಸೇರಿದಾಗ ಮಾತ್ರ ಹುಟ್ಟುವ ಕೆಡುಕು ಏನೆಂದು ಬೀದಿ ಗಲಭೆ ಕಂಡವರಿಗೆಲ್ಲ ಗೊತ್ತು.

ಅಗಸ್ಟೀನನ ಎದುರಾಳಿ ಪೆಲೇಜಿಯಸ್, ಬ್ರಿಟನ್ ಕಡೆಯಿಂದ ರೋಮ್‌ಗೆ ಬಂದಿದ್ದ ವಿರಾಗಿ. 410ರಲ್ಲಿ ಗಾತ್ ಜನರ ದೊರೆ ಅಲಾರಿಕ್ ರೋಮ್ ನಗರವನ್ನು ಕೊಳ್ಳೆ ಹೊಡೆದ ಹೊತ್ತಿನಲ್ಲಿ ಅಲ್ಲಿಂದ ಆಫ್ರಿಕಕ್ಕೂ ಮುಂದೆ ಪ್ಯಾಲೆಸ್ತೀನಿಗೂ ಹೋದವನು. ಸನ್ಯಾಸ ಹಿಡಿದಿದ್ದ ಶ್ರೀಮಂತರ ಮನೆಯ ಡಿಮೀಟ್ರಿಯಾಸ್ ಎಂಬ ಹುಡುಗಿಗೆ ಅವನು ಬರೆದ ಪತ್ರ ಉಳಿದಿದೆ. ಮನುಷ್ಯಸ್ವಭಾವಕ್ಕೆ ಎಷ್ಟು ಬಲವಿದೆಯೆಂದು ಮೊದಲು ಅರಿತುಕೋ, ದೇವರು ಆಗದ್ದನ್ನು ಆಜ್ಞಾಪಿಸುವವನಲ್ಲ ಎಂಬುದು ಅದರ ಸಾರ. ಆದಾಮ ನಮಗೆ ಕೆಟ್ಟ ಮಾದರಿ, ಅಷ್ಟೆ. ಅವನ ಪಾಪ ನಮ್ಮ ರಕ್ತದಲ್ಲಿಲ್ಲ. ಇಂದಿನವರಿಗೆ ಪೆಲೇಜಿಯಸ್‌ನೇ ಹಿತ. 418ರಲ್ಲಿ ಕಾರ್ಥೇಜಿನ ಸಭೆ ಅವನ ಬೋಧನೆಯನ್ನು ಖಂಡಿಸಿತು ಎಂದು ಓದಿದರೆ ಮರುಕ ಬರುತ್ತದೆ. ಆದರೆ ಅವನ ಮಾತನ್ನು ಕೊನೆಯವರೆಗೆ ಎಳೆದು ನೋಡಿ. ಪರಿಪೂರ್ಣನಾಗುವುದು ನಿನ್ನ ಕೈಯಲ್ಲೇ ಇದೆ ಎಂದಮೇಲೆ ಆಗದಿದ್ದರೆ ತಪ್ಪು ಪೂರ್ತಿ ನಿನ್ನದೇ. ಕುಡಿತ ಬಿಡಲಾರದವನಿಗೆ, ಸಿಟ್ಟು ನುಂಗಲಾರದವಳಿಗೆ ಅಲ್ಲಿ ಮನಸ್ಸು ಮಾಡು ಎಂಬುದರ ಆಚೆಗೆ ಹೇಳುವುದೇನೂ ಉಳಿದಿಲ್ಲ. ಅಗಸ್ಟೀನನ ಸಭೆಯಲ್ಲಿ ಸೋತವರಿಗೆ ಜಾಗವಿತ್ತು.

ಕೂಸಿನ ಪ್ರಶ್ನೆಯಲ್ಲಿ ಅಗಸ್ಟೀನನನ್ನು ಇಕ್ಕಟ್ಟಿಗೆ ಸಿಕ್ಕಿಸಿದವನು ಇಟಲಿಯ ಬಿಷಪ್, ಎಕ್ಲಾನಮ್‌ನ ಜೂಲಿಯನ್. ಇಚ್ಛೆ ಇಲ್ಲದ ಕಡೆ ಪಾಪವಿಲ್ಲ, ಕೂಸಿಗೆ ಇಚ್ಛೆಯಿಲ್ಲ. ಇಚ್ಛೆಯಿಲ್ಲದ ಕೂಸನ್ನು ದಂಡಿಸುವ ದೇವರು ದೇವರೇ ಅಲ್ಲ ಎಂದು ಆತ ಪಟ್ಟು ಹಿಡಿದ. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸಿಗೂ ದಂಡನೆ ಉಂಟು, ಆದರೆ ಎಲ್ಲಕ್ಕಿಂತ ಸೌಮ್ಯವಾದದ್ದು ಎಂದಷ್ಟೇ ಅಗಸ್ಟೀನ್ ಸಡಿಲ ಬಿಟ್ಟ. ಜೂಲಿಯನ್‌ಗೆ ಬರೆಯುತ್ತಿದ್ದ ಉತ್ತರ ಮುಗಿಯುವ ಮುನ್ನವೇ, ವಾಂಡಲರು ಹಿಪ್ಪೋವನ್ನು ಮುತ್ತಿದ್ದ ದಿನಗಳಲ್ಲಿ ತೀರಿಕೊಂಡ. ಆ ಸೌಮ್ಯ ದಂಡನೆಯನ್ನೂ ಅರಗಿಸಿಕೊಳ್ಳಲಾಗದ ಮಧ್ಯಯುಗದ ಪಂಡಿತರು ನೋವೂ ಇಲ್ಲದ, ದೇವದರ್ಶನವೂ ಇಲ್ಲದ ಲಿಂಬೊ ಎಂಬ ನಡುಜಾಗವನ್ನು ಕಲ್ಪಿಸಿದರು. ಇಂಥ ಕೂಸುಗಳೂ ರಕ್ಷಣೆ ಹೊಂದುತ್ತವೆಂದು ಭರವಸೆ ಇಡಲು ಗಟ್ಟಿಯಾದ ಕಾರಣಗಳಿವೆ ಎಂದು ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ ಹೇಳಿದ್ದು 2007ರಲ್ಲಿ. ಕೂಸು ಕಳೆದುಕೊಂಡ ತಾಯಂದಿರ ಪಾಲಿಗೆ ಆ ನಡುವಿನ ಶತಮಾನಗಳು ಎಂಥವಾಗಿದ್ದವೋ.

ಪೂರ್ವದ ಆರ್ಥೊಡಾಕ್ಸ್ ಸಭೆಗಳು ಈ ಇಕ್ಕಟ್ಟಿಗೆ ಸಿಕ್ಕಲೇ ಇಲ್ಲ. ಆದಾಮನಿಂದ ನಮಗೆ ಸಾವು ಬಂದಿದೆ, ಕೆಡುವ ಒಲವು ಬಂದಿದೆ, ಅವನ ಅಪರಾಧ ಬಂದಿಲ್ಲ ಎಂಬುದು ಅವರ ನಿಲುವು. ನನಗೂ ಸರಿ ಕಾಣುವುದು ಇದೇ. ಹಾನಿ ವಂಶಪಾರಂಪರ್ಯವಾಗಿ ಬರುತ್ತದೆ, ಅಪರಾಧ ಬರಲಾರದು. ಕ್ಯಾಥೊಲಿಕ್ ಸಭೆಯ ಈಗಿನ ದೀಕ್ಷಾಸ್ನಾನದ ವಿಧಿಯಲ್ಲೂ ಇದರ ಸುಳಿವು ಸಿಗುತ್ತದೆ. ಮೊದಲು ಗುರುಗಳು ಸೈತಾನನನ್ನು ತ್ಯಜಿಸುತ್ತೀಯಾ ಎಂದು ಕೂಸನ್ನೇ ಕೇಳುತ್ತಿದ್ದರು, ಅದರ ಪರವಾಗಿ, ಅದಕ್ಕೆ ಹೊಣೆ ನಿಲ್ಲುವ ಜ್ಞಾನಮಾತಾಪಿತೃಗಳು ಉತ್ತರಿಸುತ್ತಿದ್ದರು. 1969ರ ಪರಿಷ್ಕರಣೆಯ ನಂತರ ಆ ಪ್ರಶ್ನೆ ಹೋಗುವುದು ನೇರವಾಗಿ ಹೆತ್ತವರಿಗೆ, ಜ್ಞಾನಮಾತಾಪಿತೃಗಳಿಗೆ. ಅವರು ತಮ್ಮ ಪರವಾಗಿಯೇ ಉತ್ತರ ಕೊಡಬೇಕು. ಜನ್ಮಪಾಪದ ಬಗ್ಗೆ ನಾನು ಕಂಡ ಒಳ್ಳೆಯ ವ್ಯಾಖ್ಯಾನ ಇದು. ಆ ಮಗುವಿಗೆ ಹಗೆಯನ್ನು, ದುರಾಸೆಯನ್ನು, ನಮ್ಮ ನಾಡಿನ ಕ್ರೈಸ್ತರಲ್ಲೂ ಸಾಯದೆ ಉಳಿದ ಜಾತಿಯನ್ನು ದಾಟಿಸುವವರು ಅಲ್ಲಿ ಸುತ್ತ ನಿಂತವರೇ ತಾನೇ?

ಜಾತಿಯ ಮಾತು ಬಂದಮೇಲೆ ಕರ್ಮವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂಬ ನ್ಯಾಯ ಮೇಲ್ನೋಟಕ್ಕೆ ಜನ್ಮಪಾಪಕ್ಕಿಂತ ನೇರವಾಗಿದೆ. ಅನುಭವಿಸುವುದು ಸ್ವಂತದ್ದನ್ನೇ, ಆದಾಮನದ್ದನ್ನಲ್ಲ. ಆದರೆ ಈ ನ್ಯಾಯ ಕುಂಟನನ್ನು, ಬಡವನನ್ನು, ಕೇರಿಯಲ್ಲಿ ಹುಟ್ಟಿದವನನ್ನು ನೋಡಿ ಅವನು ಪಡೆದುಕೊಂಡು ಬಂದದ್ದು ಎನ್ನಲು ಅನುಕೂಲ ಮಾಡಿಕೊಟ್ಟಿತು. ಜನ್ಮಪಾಪ ಆ ಅನುಕೂಲ ಕೊಡುವುದಿಲ್ಲ. ಚಕ್ರವರ್ತಿಯ ಕೂಸಿಗೂ ತಿರುಕನ ಕೂಸಿಗೂ ಅಲ್ಲಿ ಒಂದೇ ಪಾಲು. ಹಾಗೆಂದು ಕ್ರೈಸ್ತರು ಬೀಗಬೇಕಿಲ್ಲ. ಗುಲಾಮಗಿರಿ ಹುಟ್ಟಿದ್ದು ಪಾಪದಿಂದ ಎಂದ ಅಗಸ್ಟೀನನೇ ಗುಲಾಮರಿಗೆ ಒಡೆಯರ ಮಾತು ಕೇಳಿಕೊಂಡಿರಿ ಎಂದೂ ಬೋಧಿಸಿದ. ಸಮಾನವಾಗಿ ಹಂಚಿದ ಪಾಪದ ಫಲ ಮಾತ್ರ ಯಾವಾಗಲೂ ಕೆಳಗಿನವರ ಪಾಲಿಗೇ ಹೆಚ್ಚು ಬಂತು.

ಸಿದ್ಧಾಂತ ಕೆಟ್ಟದ್ದು, ನನ್ನ ಮಟ್ಟಿಗೆ, ಅದನ್ನು ರಕ್ಷಣೆಯಿಂದ ಬಿಡಿಸಿ ಒಂಟಿಯಾಗಿ ನಿಲ್ಲಿಸಿದಾಗ. ಪಾಸ್ಕ ಹಬ್ಬದ ಹಿಂದಿನ ರಾತ್ರಿ ಚರ್ಚಿನಲ್ಲಿ ಹಾಡುವ ಪುರಾತನ ಸ್ತುತಿಯೊಂದು ಆದಾಮನ ತಪ್ಪನ್ನು ಭಾಗ್ಯವೆಂದು ಕೊಂಡಾಡುತ್ತದೆ, ಅಂಥ ವಿಮೋಚಕನನ್ನು ಗಳಿಸಿಕೊಟ್ಟಿತೆಂದು. ಪಾಪದ ಮಾತನ್ನು ಇಷ್ಟು ಉಲ್ಲಾಸದಿಂದ ಆಡಬಲ್ಲವರು ಗುಣವಾದವರು ಮಾತ್ರ. ಅದೇ ಮಾತನ್ನು ಮೈದಾನದ ಮೈಕಿನಲ್ಲಿ, ಗುರುತಿಲ್ಲದವರ ಮುಖದ ಮೇಲೆ, ನೀನು ಪಾಪಿ ಎಂಬಲ್ಲಿಂದ ಶುರುಮಾಡಿದರೆ ಹೆದರಿಸಿ ಮಾರುವ ವ್ಯಾಪಾರವಾಗುತ್ತದೆ.

ಅಗಸ್ಟೀನನ ದೊಡ್ಡ ಎಡವಟ್ಟೂ ಇಲ್ಲಿಯೇ ಇದೆ. ಆದಾಮನಲ್ಲಿ ಎಲ್ಲರೂ ಬಿದ್ದಂತೆ ಕ್ರಿಸ್ತನಲ್ಲಿ ಎಲ್ಲರೂ ಏಳುತ್ತಾರೆಂಬುದು ಪೌಲನ ತಕ್ಕಡಿ. ಅಗಸ್ಟೀನ್ ಬಿದ್ದ ಎಲ್ಲರನ್ನೂ ಒಬ್ಬರನ್ನೂ ಬಿಡದೆ ಎಣಿಸಿದ. ಏಳುವವರ ಲೆಕ್ಕಕ್ಕೆ ಬಂದಾಗ ದೇವರು ಆರಿಸಿಕೊಂಡ ಕೆಲವರೇ ಎಂದ. ಅವನ ಈ ಮಾತನ್ನು ಮುಂದೆ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಇನ್ನೂ ಬಿಗಿ ಮಾಡಿದ. ಮದ್ದಿನ ಹಿರಿಮೆಯಿಂದ ರೋಗವನ್ನು ಅಳೆದವನು ಕಡೆಗೆ ರೋಗವನ್ನೇ ಮದ್ದಿಗಿಂತ ದೊಡ್ಡದು ಮಾಡಿಬಿಟ್ಟ. ಅವನಿಗಿಂತ ಒಂದು ತಲೆಮಾರು ಹಿಂದೆ, ಈಗಿನ ಟರ್ಕಿಯ ನೆಲದಲ್ಲಿ, ನಿಸ್ಸಾದ ಬಿಷಪ್ ಗ್ರೆಗೊರಿ ಈ ಲೆಕ್ಕವನ್ನು ಕೊನೆಯವರೆಗೆ ಹಾಕಿ, ಶುದ್ಧಿಯ ಬೆಂಕಿಯನ್ನು ದಾಟಿ ಕಟ್ಟಕಡೆಗೆ ಎಲ್ಲರೂ ದೇವರಿಗೆ ಮರಳುತ್ತಾರೆಂದು ಬರೆದ. ಇದನ್ನೇ ಆತನಿಗಿಂತ ಮೊದಲು ಹೇಳಿದ್ದ ಆರಿಜೆನ್‌ನನ್ನು ಆರನೇ ಶತಮಾನದಲ್ಲಿ ಪಾಷಂಡಿಯೆಂದು ಖಂಡಿಸಿದರು. ಗ್ರೆಗೊರಿಯ ಹೆಸರು ಮಾತ್ರ ಪೂರ್ವದಲ್ಲೂ ಪಶ್ಚಿಮದಲ್ಲೂ ಇವತ್ತಿಗೂ ಸಂತರ ಪಟ್ಟಿಯಲ್ಲಿದೆ.