ಯಾರ ನೋವಿಗೆ ಯಾರ ತಾಳ್ಮೆ?

ಮಗುವಿನ ಶಸ್ತ್ರಚಿಕಿತ್ಸೆಗಾಗಿ ತಿಂಗಳುಗಟ್ಟಲೆ ಕಾಯುವ ತಂದೆತಾಯಿಗೆ ನೆಂಟರಿಷ್ಟರಿಂದ ಎರಡು ಮಾತು ಮೇಲಿಂದ ಮೇಲೆ ಕೇಳಿಬರುತ್ತವೆ: ತಾಳ್ಮೆ ಇರಲಿ, ಎಲ್ಲ ಪಡೆದು ಬಂದಂತೆ. ಎರಡಕ್ಕೂ ಶಾಸ್ತ್ರದ ಬಲವಿದೆ. ಆದರೆ ಶಾಸ್ತ್ರ ಅವನ್ನು ಯಾರಿಗೆ ಹೇಳಿತು ಎಂಬುದು ಇಲ್ಲಿ ಮುಖ್ಯ.

ಕೆಲವು ಕಾಯುವಿಕೆ ದೇಹವೇ ಕೇಳುವಂಥದು. ಹೃದಯದ ಕೆಳಕೋಣೆಗಳ ನಡುಗೋಡೆಯ ಸಣ್ಣ ರಂಧ್ರ ಎಷ್ಟೋ ಮಕ್ಕಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ನೆಗಡಿ, ಜ್ವರ ಇರುವಾಗ ಅರಿವಳಿಕೆ ಅಪಾಯಕರವಾದ್ದರಿಂದ ದಿನಾಂಕ ಮುಂದಕ್ಕೆ ಹೋಗುತ್ತದೆ. ಇನ್ನು ಕೆಲವು ಕಾಯುವಿಕೆ ಮನುಷ್ಯರ ವ್ಯವಸ್ಥೆಯಿಂದ ಹುಟ್ಟಿದ್ದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲೇ ಮಕ್ಕಳ ತಪಾಸಣೆ ನಡೆದು ಹುಟ್ಟು ದೋಷಗಳು ಪತ್ತೆಯಾಗುತ್ತಿವೆ. ಇದು ದೊಡ್ಡ ಉಪಕಾರ. ಆದರೆ ಐಸಿಯು ಹಾಸಿಗೆಗಳೂ ಮಕ್ಕಳ ಶಸ್ತ್ರವೈದ್ಯರೂ ಅದೇ ಪ್ರಮಾಣದಲ್ಲಿ ಹೆಚ್ಚದಿದ್ದರೆ ಪತ್ತೆಯಾದ ಮಕ್ಕಳೆಲ್ಲ ಸರದಿಗೆ ಸೇರುತ್ತಾರೆ. ಈ ಕೊರತೆಯನ್ನು ವಿಧಿ ಎನ್ನುವುದು ತಪ್ಪು.

ಶಂಕರಾಚಾರ್ಯರದೆಂದು ಪರಂಪರೆ ಹೇಳುವ ‘ವಿವೇಕಚೂಡಾಮಣಿ’ ತಿತಿಕ್ಷೆಯನ್ನು ವಿವರಿಸುತ್ತದೆ: ಪರಿಹಾರಕ್ಕೆ ಕೈಹಾಕದೆ, ಚಿಂತೆಯೂ ಅಳಲೂ ಇಲ್ಲದೆ ದುಃಖಗಳನ್ನೆಲ್ಲ ಸಹಿಸುವುದು. ಇದು ಮೋಕ್ಷವನ್ನು ಬಯಸಿ ಹೊರಟವನು ತನ್ನ ನೋವಿನ ಬಗ್ಗೆ ತಾನೇ ಒಪ್ಪಿಕೊಂಡ ಕಟ್ಟುಪಾಡು. ಹುಟ್ಟಿನಿಂದಲೇ ಹೃದಯದಲ್ಲಿ ‘ಫ್ಯಾಲೋಟ್ ಟೆಟ್ರಾಲಜಿ’ ಎಂಬ ದೋಷವಿರುವ ಕೂಸು ಅಳುತ್ತ ಅಳುತ್ತ ನೀಲಿಗಟ್ಟಿದಾಗ, ತಾಯಿ ಅದರ ಮೊಣಕಾಲುಗಳನ್ನು ಅದರ ಎದೆಗೆ ಒತ್ತಿ ಹಿಡಿದು ಆಸ್ಪತ್ರೆಗೆ ಧಾವಿಸುತ್ತಾಳೆ. ಆ ಕೂಸು ಯಾವ ಸಾಧನೆಯನ್ನೂ ಆರಿಸಿಕೊಂಡಿಲ್ಲ. ಅದರ ನೋವನ್ನು ಅದರ ಪರವಾಗಿ ಸಹಿಸಿಕೊಂಡು ಕೂರುವ ಅಧಿಕಾರ ಯಾರಿಗೂ ಇಲ್ಲ. ಕರ್ಮದ ಮಾತೂ ಹಾಗೆಯೇ: ತನ್ನ ಕಷ್ಟಕ್ಕೆ ಅರ್ಥ ಹುಡುಕುವವನಿಗೆ ಅದು ಆಸರೆಯಾದೀತು, ಇನ್ನೊಬ್ಬರ ಮಗುವಿನ ಮೇಲೆ ಹೊರಿಸಿದರೆ ಕ್ರೌರ್ಯ.

ಗೀತೆಯ ದಾರಿ ಬೇರೆ. ಎರಡನೆಯ ಅಧ್ಯಾಯದ 14ನೇ ಶ್ಲೋಕದಲ್ಲಿ ಸಹಿಸೆಂದ ಕೃಷ್ಣ 18ನೆಯದರಲ್ಲಿ ಯುದ್ಧಮಾಡೆನ್ನುತ್ತಾನೆ. ಅಲ್ಲಿ ಸಹನೆ ಕೆಲಸದ ಬೆನ್ನಿಗಿದೆ. ಕಾಯುವ ತಂದೆತಾಯಿಗೆ ಒಪ್ಪುವುದು ಇದೇ: ತಮ್ಮ ನಿದ್ದೆಗೇಡು, ಅಲೆದಾಟ, ಭಯಗಳನ್ನು ತಾಳಿಕೊಳ್ಳುವುದು, ಮಗುವಿನ ತೂಕ, ಉಸಿರು, ಹಾಲು ಕುಡಿಯುವ ರೀತಿಯನ್ನು ಗಮನಿಸಿ, ಬದಲಾವಣೆ ಕಂಡಕೂಡಲೇ ಸಂಕೋಚಪಡದೆ ವೈದ್ಯರಿಗೆ ತಿಳಿಸುವುದು. ಸ್ಥಿತಿ ಬಿಗಡಾಯಿಸಿದ ಮಗುವಿಗೆ ಸರದಿ ಮೊದಲು ಬರಬೇಕು.

ಕಾಯುವವರು ಮಾಡುವ ಪ್ರಾರ್ಥನೆಯ ತೊಡಕೂ ಈ ಸರದಿಯಲ್ಲೇ ಇದೆ. ತಮ್ಮ ಮಗುವಿನ ಸರದಿ ಬೇಗ ಬರಲೆಂದು ಹೊತ್ತ ಹರಕೆ ಈಡೇರಿದರೆ ಇನ್ನೊಂದು ಮಗು ಹಿಂದೆ ಸರಿಯುತ್ತದೆ. ಶಿಫಾರಸು ಹಿಡಿದು ಮುಂದೆ ಹೋಗುವುದಂತೂ ನೇರ ಅನ್ಯಾಯ. ಸರದಿ ಬರುವವರೆಗೆ ಮಗು ಗಟ್ಟಿಯಾಗಿರಲಿ, ವೈದ್ಯರ ಕೈ ನಡುಗದಿರಲಿ ಎಂಬ ಬೇಡಿಕೆ ಯಾರ ಪಾಲನ್ನೂ ಕಸಿಯುವುದಿಲ್ಲ. ತುರ್ತಿನ ಮಗುವಿಗಾಗಿ ದಿನಾಂಕ ಬಿಟ್ಟುಕೊಡಬೇಕಾದವರಿಗೆ ಆಸ್ಪತ್ರೆಯೂ ಕಾರಣವನ್ನು ಬಿಡಿಸಿ ಹೇಳಿ, ಮುಂದಿನ ದಿನಾಂಕವನ್ನು ಆಗಲೇ ಕೊಡಬೇಕು.