ಸೊನ್ನೆಯ ಟಿಕೆಟ್ಟು

ನೆಟ್ಟಣದಿಂದ ಬೆಳಿಗ್ಗೆ ಹೊರಟು, ಸಸಿಹಿತ್ಲಿನ ಕಡಲು ನೋಡಿ, ರಾತ್ರಿಯೊಳಗೆ ಮನೆ ಸೇರಬೇಕಾದರೆ ಲೆಕ್ಕವನ್ನು ಕೊನೆಯಿಂದ ಹಾಕಬೇಕು. ಮಂಗಳೂರಿನಿಂದ ಸುಬ್ರಹ್ಮಣ್ಯದ ಕಡೆಗೆ ಬರುವ ಕಡೆಯ ಬಸ್ಸು ಯಾವುದೆಂದು ಮೊದಲು ತಿಳಿಯಬೇಕು. ಅದಕ್ಕೆ ಸರಿಯಾಗಿ ಹಳೆಯಂಗಡಿ ಬಿಡುವ ಹೊತ್ತು, ಅದಕ್ಕೂ ಮುಂಚೆ ಮರಳಿನಿಂದ ಏಳುವ ಹೊತ್ತು. ಕಾರಿದ್ದವರು ಹೊರಡುವ ಗಂಟೆ ಯೋಚಿಸುತ್ತಾರೆ, ಬಸ್ಸನ್ನು ನಂಬಿದವರು ಮರಳುವ ಗಂಟೆ. ಸೂರ್ಯಾಸ್ತ ನಮ್ಮ ಪಾಲಿಗಿಲ್ಲ. ಇರಲಿ.

ಈ ಲೆಕ್ಕ ನಮ್ಮ ಪಕ್ಕದ ಮನೆಯ ಅಕ್ಕನಿಗಾಗಿ. ಅರುವತ್ತು ದಾಟಿದ ಅವರು ಬೀಡಿ ಕಟ್ಟುತ್ತ ಮೂವರು ಮಕ್ಕಳನ್ನು ದಡ ಸೇರಿಸಿದವರು. ಕಡಲು ನೋಡಿಲ್ಲ. ಅವರು ಬಟ್ಟೆ ಒಗೆದ ಕುಮಾರಧಾರೆಯ ನೀರು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಎಷ್ಟೋ ಸಲ ಕಡಲಿಗೆ ಹೋಗಿದೆ. ಮಂಗಳೂರಿಗೆ ಅವರೂ ಹೋದದ್ದುಂಟು, ಆದರೆ ಆಸ್ಪತ್ರೆಗೆ.

ದೀಪಾವಳಿ ಕಳೆದ ಮೇಲೆ, ಬ್ರಾಂಚಿಗೆ ಬೀಡಿ ಕೊಡುವ ದಿನ ಬಿಟ್ಟು, ಹೋಗಿ ಬರೋಣವೆಂದು ಮಾತಾಯಿತು. ರೈಲಿನಲ್ಲೂ ಹೋಗಬಹುದು. ನಮ್ಮೂರಿನ ನಿಲ್ದಾಣಕ್ಕೆ ಹೆಸರು ಸುಬ್ರಹ್ಮಣ್ಯ ರೋಡ್, ಮಣ್ಣು ನೆಟ್ಟಣದ್ದು. ಆದರೆ ಅಕ್ಕ ಬಸ್ಸೇ ಸಾಕೆಂದರು. ಕಾರಣ ಸ್ಪಷ್ಟ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಂದಿನಿಂದ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಸೊನ್ನೆಯ ಟಿಕೆಟ್ಟು.

ಸಂಬಳ ಎಣಿಸುವ ನಾನು ಅದನ್ನು ತೆಗೆದುಕೊಳ್ಳಬಹುದೇ? ಶಾಲೆಯಲ್ಲಿ ಒಬ್ಬರು, "ಕೆಲಸಕ್ಕೆ ಹೋಗುವವರಿಗೆ, ಆಸ್ಪತ್ರೆಗೆ ಹೋಗುವವರಿಗೆ ಕೊಡಲಿ, ಗಾಳಿ ತಿನ್ನಲು ಹೋಗುವವರಿಗೂ ಕೊಡಬೇಕೇ ಟೀಚರ್?" ಎಂದರು. ಹಗುರಾಗಿ ತಳ್ಳಿಹಾಕುವ ಮಾತಲ್ಲ. ಆ ಹಣ ಬೊಕ್ಕಸದಿಂದ ಹೋಗುತ್ತದೆ, ಬೊಕ್ಕಸಕ್ಕೆ ಎಲ್ಲರಿಂದ ಬರುತ್ತದೆ. ಸುಬ್ರಹ್ಮಣ್ಯದಿಂದ ತುಂಬಿಯೇ ಬರುವ ಬಸ್ಸಿನಲ್ಲಿ ಉಪ್ಪಿನಂಗಡಿಯವರೆಗೆ ನೇತಾಡುವ, ಟಿಕೆಟ್ಟಿಗೆ ಹಣ ಕೊಟ್ಟ ಗಂಡಸಿನ ಮುಖವನ್ನೂ ನಾನು ಕಂಡಿದ್ದೇನೆ.

ಹಾಗಾದರೆ ನನ್ನ ಟಿಕೆಟ್ಟಿಗೆ ನಾನು ಹಣ ಕೊಡುತ್ತೇನೆಂದು ಅಕ್ಕನಲ್ಲಿ ಹೇಳಿದೆ. ಅವರು ಎಲೆ ಕತ್ತರಿಸುವುದನ್ನು ನಿಲ್ಲಿಸದೆ, "ಹಾಗಾದರೆ ನನ್ನದಕ್ಕೂ ನಾನೇ ಕೊಡುತ್ತೇನೆ ಟೀಚರೇ. ನೀವು ಕೊಟ್ಟು, ನಾನು ಕೊಡದೆ ಒಂದೇ ಸೀಟಿನಲ್ಲಿ ಕೂತರೆ ನನ್ನದು ಧರ್ಮದ ಟಿಕೆಟ್ಟಾಗುತ್ತದೆ" ಎಂದರು.

ನನಗೆ ಬಿಸಿಯೂಟ ನೆನಪಾಯಿತು. 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಶುರುವಾದ ಅದು ನಮ್ಮ ಕಡೆಗೂ ಬಂದ ಹೊಸತರಲ್ಲಿ ಅನುಕೂಲಸ್ಥರ ಮಕ್ಕಳು ಮನೆಯ ಬುತ್ತಿ ತರುತ್ತಿದ್ದರು, ಉಳಿದವರು ತಟ್ಟೆ ಹಿಡಿದು ಬೇರೆ ಸಾಲಾಗುತ್ತಿದ್ದರು. ಆ ಸಾಲಿನಲ್ಲಿ ನಿಲ್ಲಲು ನಾಚಿ ಹಸಿದೇ ಕೂತ ಹುಡುಗನಿದ್ದ. ಬುತ್ತಿ ತರುವವರು ಕಡಿಮೆಯಾಗಿ ಎಲ್ಲರೂ ಒಂದೇ ಅನ್ನ ಉಣ್ಣತೊಡಗಿದ ಮೇಲೆ ಅವನೂ ಉಂಡ. ಉಳ್ಳವನು ಬಿಟ್ಟುಕೊಟ್ಟ ಒಂದು ಸೌಟು ಅನ್ನಕ್ಕಿಂತ ಅವನು ಪಕ್ಕದಲ್ಲಿ ಕೂತದ್ದೇ ಆ ಹುಡುಗನಿಗೆ ಹೆಚ್ಚು ಬೇಕಾಗಿತ್ತು.

ಇನ್ನು ಗಾಳಿ ತಿನ್ನುವ ಮಾತು. ಬಡ ಹೆಂಗಸಿನ ಪ್ರಯಾಣಕ್ಕೆ ನಮ್ಮಲ್ಲಿ ಯಾವಾಗಲೂ ಕಾರಣ ಬೇಕು: ಬಾಣಂತನ, ಬೊಜ್ಜ, ಹರಕೆ. ಸುಮ್ಮನೆ ಹೋಗಿ ಬಂದೆ ಎನ್ನುವ ಸ್ವಾತಂತ್ರ್ಯ ಉಳ್ಳವರದು. ಸರಕಾರ ಕಾರಣ ಕೇಳದೆ ಟಿಕೆಟ್ಟು ಕೊಡುತ್ತದೆ. ಆಧಾರ್ ಕಾರ್ಡು ಕೇಳುವ ಕಂಡಕ್ಟರು ಕೂಡ ಎಲ್ಲಿಗೆ ಎಂದು ಕೇಳುತ್ತಾನೆಯೇ ಹೊರತು ಏಕೆ ಎಂದು ಕೇಳುವುದಿಲ್ಲ. ಅಕ್ಕನ ಮನೆಯಲ್ಲಿ ಕೂಡ ಈವರೆಗೆ ಅಷ್ಟು ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

ಹಾಗಾಗಿ ಇಬ್ಬರದೂ ಸೊನ್ನೆಯ ಟಿಕೆಟ್ಟೇ ಎಂದು ನಿಶ್ಚಯವಾಗಿದೆ. ನಿಂತ ಗಂಡಸಿಗೆ ಕೊಡಲು ನನ್ನಲ್ಲಿ ಉತ್ತರವಿಲ್ಲ; ಇನ್ನೆರಡು ಬಸ್ಸು ಹಾಕಿ ಎಂದು ಅವರ ಜೊತೆ ನಿಂತು ಕೇಳಬಲ್ಲೆ, ಅಷ್ಟೆ.

ಈ ಸೊನ್ನೆ ನಮ್ಮನ್ನು ಕಡಲಿನವರೆಗೆ ಒಯ್ಯುವುದಿಲ್ಲ ಎಂಬುದು ಬೇರೆ ಮಾತು. ಬಿಜೈಯ ಸರಕಾರಿ ನಿಲ್ದಾಣದಲ್ಲಿ ಇಳಿದು, ಲಾಲ್‌ಬಾಗಿನಲ್ಲಿ ಉಡುಪಿಯ ಎಕ್ಸ್‌ಪ್ರೆಸ್ ಹತ್ತಬೇಕು. ಆ ದಾರಿಯಲ್ಲಿ ಹೆಚ್ಚಿನವು ಖಾಸಗಿ ಬಸ್ಸುಗಳು, ಅಲ್ಲಿ ಶಕ್ತಿ ನಡೆಯದು. ಹಳೆಯಂಗಡಿಯಲ್ಲಿ ಇಳಿದು ಸಣ್ಣ ಬಸ್ಸು, ಸಿಗದಿದ್ದರೆ ರಿಕ್ಷಾ. ಆಮೇಲೆ ನಂದಿನಿ, ಶಾಂಭವಿ ಎರಡೂ ಹೊಳೆಗಳು ಕಡಲು ಸೇರುವ ಜಾಗ.

ಲಾಲ್‌ಬಾಗಿನಿಂದಾಚೆ ಇಬ್ಬರ ಟಿಕೆಟ್ಟೂ ತನ್ನದೆಂದು ಅಕ್ಕ ಹೇಳಿದ್ದಾರೆ. ನಾನು ಬೇಡವೆನ್ನಲಿಲ್ಲ. ಬುತ್ತಿ ನನ್ನದು. ಉಪ್ಪಿನಕಾಯಿ ಅವರೇ ತರುತ್ತಾರಂತೆ.