ಮೊದಲು ಮುಟ್ಟಿದನು, ಆಮೇಲೆ ಗುಣಪಡಿಸಿದನು

ವಾಕ್ಯಭಾಗ: ಮಾರ್ಕ 1:40-42

 

ಇವತ್ತು ನನ್ನ ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ಕೆಲವು ವರ್ಷಗಳ ಹಿಂದೆ ಒಬ್ಬ ಸಹೋದರಿ ಪ್ರಾರ್ಥನೆಗೆ ಮುಂದೆ ಬಂದಳು. ಮುಖದ ಮೇಲೆ, ಕೈಮೇಲೆ ತೊನ್ನಿನ ಬಿಳಿ ಮಚ್ಚೆ. ನಾಲ್ಕೈದು ಸಾರಿ ಪ್ರಾರ್ಥಿಸಿದೆವು, ಮಚ್ಚೆ ಹೋಗಲಿಲ್ಲ. ಆಗ ನಾನು ಕೇಳಿಬಿಟ್ಟೆ: “ಅರಿಕೆ ಮಾಡದ ಪಾಪ ಏನಾದ್ರೂ ಇದೆಯಾ ಮಗಳೇ?” ಮುಂದಿನ ಭಾನುವಾರ ಆಕೆ ಬರಲಿಲ್ಲ. ಮನೆಗೆ ಹೋದಾಗ ಹೇಳಿದಳು: “ಪಾಸ್ಟರ್, ಬಸ್ಸಲ್ಲಿ ನನ್ನ ಪಕ್ಕ ಯಾರೂ ಕೂರಲ್ಲ. ಹೆಣ್ಣು ನೋಡೋಕೆ ಬಂದವರು ಕಾಫಿ ಲೋಟ ಮುಟ್ಟದೆ ಎದ್ದು ಹೋದ್ರು. ಅದೆಲ್ಲ ತಡ್ಕೊಂಡೆ. ದೇವರೂ ಹಾಗೇನಾ ಅನ್ನಿಸಿದ್ದು ನಿಮ್ಮ ಮಾತಿಂದ.” ಅವತ್ತು ನನಗೆ ನಿದ್ದೆ ಬರಲಿಲ್ಲ.

ತಿಳ್ಕೊಳ್ಳಿ, ತೊನ್ನು ಕುಷ್ಠ ಅಲ್ಲ, ಅಂಟೋ ರೋಗವೂ ಅಲ್ಲ. ಚರ್ಮಕ್ಕೆ ಬಣ್ಣ ಕೊಡೋ ಕಣಗಳನ್ನ ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡುತ್ತೆ, ಅಷ್ಟೇ. ಸೋರಿಯಾಸಿಸ್ ಕೂಡ ಅಂಟಲ್ಲ. ಆದ್ರೆ ಯಾಜಕಕಾಂಡ 13 ಓದಿದ ಕೂಡಲೇ ಇಂಥವರು ತಲೆ ಬಗ್ಗಿಸ್ತಾರೆ. ಅಲ್ಲಿನ ಇಬ್ರಿಯ ಪದವನ್ನ ಬಟ್ಟೆಗೂ ಮನೆ ಗೋಡೆಗೂ ಬಳಸಿದ್ದಾರೆ. ಅದು ನಿಮ್ಮ ಕಾಯಿಲೆಯ ಹೆಸರಲ್ಲ!

ಆ ಕಾಲದ ಕುಷ್ಠರೋಗಿ ಪಾಳೆಯದ ಹೊರಗೆ ಒಂಟಿಯಾಗಿರಬೇಕಿತ್ತು. “ನಾನು ಅಶುದ್ಧ” ಅಂತ ತಾನೇ ಕೂಗಬೇಕಿತ್ತು. ರೋಗಕ್ಕಿಂತ ಆ ಕೂಗು ದೊಡ್ಡ ನೋವು. ಇವತ್ತು ಯಾರೂ ಕೂಗಿಸಲ್ಲ. ಆದ್ರೆ ಕನ್ನಡಿ ಮುಂದೆ ನಿಂತು ಮನಸ್ಸೊಳಗೇ ಕೂಗೋರು ಈ ಸಭೆಯಲ್ಲೇ ಇದ್ದಾರೆ. ಬೇಸಿಗೆಯಲ್ಲೂ ತುಂಬುತೋಳು ಹಾಕ್ತಾರೆ, ಫೋಟೋಗೆ ನಿಲ್ಲಲ್ಲ, ಕರ್ತನ ಭೋಜನದ ಹೊತ್ತಿಗೆ ಕೊನೇ ಸಾಲಲ್ಲಿ ಕೂರ್ತಾರೆ.

ಯೇಸು ಏನು ಮಾಡಿದನು? ಶತಾಧಿಪತಿಯ ಆಳನ್ನ ದೂರದಿಂದಲೇ ಗುಣಪಡಿಸಿದವನು ಇಲ್ಲೂ ಬರೀ ಮಾತು ಹೇಳಬಹುದಿತ್ತು. ಹೇಳಲಿಲ್ಲ. ಕನಿಕರಪಟ್ಟು, ಕೈಚಾಚಿ, ಮುಟ್ಟಿದನು. ಆಮೇಲೆ “ಶುದ್ಧನಾಗು” ಅಂದನು. ಗಮನಿಸಿ, ಮುಟ್ಟಿದಾಗ ಆ ಮನುಷ್ಯನಿಗೆ ಇನ್ನೂ ಗುಣವಾಗಿರಲಿಲ್ಲ! ಹಲ್ಲೆಲೂಯ! ಗುಣ ಆದ ಮೇಲೆ ಪ್ರೀತಿಸ್ತೀನಿ ಅನ್ನೋ ದೇವರಲ್ಲ ನಮ್ಮ ದೇವರು.

ನಮ್ಮ ದೇವರು ಇವತ್ತಿಗೂ ಸ್ವಸ್ಥಪಡಿಸ್ತಾನೆ, ನಾನು ನಂಬ್ತೀನಿ. ಆದ್ರೆ ಪೌಲನ ಶೂಲ ಮೂರು ಸಾರಿ ಬೇಡಿದರೂ ಹೋಗಲಿಲ್ಲ. ಅವನಿಗೆ ನಂಬಿಕೆ ಕಡಿಮೆ ಇತ್ತಾ? ಔಷಧಿ ತಗೊಳ್ಳೋದೂ ಅಪನಂಬಿಕೆಯಲ್ಲ. ಹಿಜ್ಕೀಯನ ಹುಣ್ಣಿಗೆ ಅಂಜೂರದ ಹಣ್ಣಿನ ಉಂಡೆ ಕಟ್ಟಿಸಿದ್ದು ಪ್ರವಾದಿಯಾದ ಯೆಶಾಯನೇ. ಚರ್ಮದ ಡಾಕ್ಟರ ಹತ್ರ ಹೋಗಿ. ಬದುಕೇ ಬೇಡ ಅನ್ನಿಸ್ತಾ ಇದ್ರೆ ಒಬ್ಬರೇ ಇರಬೇಡಿ, ಇವತ್ತೇ ಯಾರಿಗಾದ್ರೂ ಹೇಳಿ. ಮನಸ್ಸಿನ ಡಾಕ್ಟರನ್ನೂ ನೋಡಿ.

ಸಭೆಯವರಿಗೆ ಒಂದು ಮಾತು. ಯೋಬನ ಮೈತುಂಬ ಹುಣ್ಣಾದಾಗ ಅವನ ಸ್ನೇಹಿತರು ಏಳು ದಿನ ಸುಮ್ಮನೆ ಜೊತೆಗೆ ಕೂತರು. ಅದು ಒಳ್ಳೇದಾಗಿತ್ತು. ಕೆಟ್ಟದ್ದು ಬಾಯಿ ತೆರೆದ ಮೇಲೆ! ನಾನೂ ಬಾಯಿ ತೆರೆದು ಕೆಟ್ಟೆ. ಆ ಸಹೋದರಿಯ ಹತ್ರ ಕ್ಷಮೆ ಕೇಳಿದೆ. ಆಕೆಯ ಮಚ್ಚೆ ಇವತ್ತಿಗೂ ಇದೆ, ಆದ್ರೆ ಈಗ ಮುಂದಿನ ಸಾಲಲ್ಲಿ ಕೂತು ಕೈಯೆತ್ತಿ ಆರಾಧಿಸ್ತಾಳೆ.

ಪ್ರಾರ್ಥಿಸೋಣ. ಪಕ್ಕದವರ ಕೈ ಹಿಡಿಯಿರಿ, ಯಾರ ಕೈಯನ್ನೂ ಬಿಡಬೇಡಿ. ಕರ್ತನೇ, ನಿನ್ನ ಮುಟ್ಟುವ ಕೈ ನಮ್ಮ ಕೈಯಾಗಲಿ. ಯೇಸುವಿನ ನಾಮದಲ್ಲಿ, ಆಮೆನ್.